ನಿಮ್ಮ ಟೆಸ್ಟ್ ಸರ್ವರ್, ನಮ್ಮ ಶನಿವಾರ

ಇಲ್ಲಿ ಏನೂ ಬರೆಯದೆ ತುಂಬಾ ದಿನ ಆಯ್ತು. ವಿಷಯ ಇರಲಿಲ್ಲ ಅಂತಲ್ಲ. ರಿಲೀಸ್ ಮೇಲೆ ರಿಲೀಸ್ ಬಂದು, ರಾತ್ರಿ ಒಂದಿಷ್ಟು ಅನ್ನ ಸಾರು ಮಾಡಿಕೊಂಡು ತಿಂದು ಮಲಗಿದರೆ ಸಾಕಪ್ಪಾ ಅನ್ನಿಸುತ್ತಿತ್ತು. ಆದರೆ ಈ ಒಂದು ವಿಷಯ ಮಾತ್ರ ಹೊಟ್ಟೆಯೊಳಗೆ ಕುದೀತಾನೇ ಇದೆ. ಇವತ್ತು ಬರೆದೇ ಬಿಡುತ್ತೇನೆ. ಮೊದಲೇ ಎಚ್ಚರಿಕೆ: ಇದು ಆಟದ ಬಗ್ಗೆ, ಅದರಲ್ಲೂ ನಮ್ಮಲ್ಲಿ ಯಾರೂ ಆಡದ ಆಟದ ಬಗ್ಗೆ. ಆದರೂ ಓದಿ. ಐಟಿಯಲ್ಲಿ ಇರುವವರಿಗಂತೂ ಇದು ಚೆನ್ನಾಗಿ ಗೊತ್ತಿರುವ ಕಥೆಯೇ :)

ನಾನು ಅಡಿಲೇಡ್‌ಗೆ ಬಂದಿದ್ದು 2023ರಲ್ಲಿ. ಚಳಿಗಾಲದ ಶನಿವಾರಗಳಲ್ಲಿ ಏನು ಮಾಡಬೇಕು ಅಂತ ಗೊತ್ತಾಗದೆ ಮನೆಯಲ್ಲಿ ಕೂತು ಸೀಲಿಂಗ್ ನೋಡುತ್ತಿದ್ದವನನ್ನು ಪಕ್ಕದ ಮನೆಯ ಅಜ್ಜ ಎಳೆದುಕೊಂಡು ಹೋದರು. ನಿವೃತ್ತ ಪ್ಲಂಬರ್. ಕುತ್ತಿಗೆಗೆ ಕೆಂಪು-ನೀಲಿ ಮಫ್ಲರ್ ಸುತ್ತಿಕೊಂಡು ಬಾಗಿಲು ಬಡಿದು, ನಡಿ ಹೋಗೋಣ ಅಂದರು, ಅಷ್ಟೇ. ಹೋಗಿದ್ದು ನಾರ್‌ವುಡ್ ಓವಲ್ ಅನ್ನೋ ಮೈದಾನಕ್ಕೆ. ಅಂಗಡಿ ಸಾಲಿನ ರಸ್ತೆ ಪಕ್ಕದಲ್ಲೇ ಇರುವ, ನಮ್ಮ ತಾಲ್ಲೂಕು ಕ್ರೀಡಾಂಗಣಕ್ಕಿಂತ ಸ್ವಲ್ಪ ದೊಡ್ಡದು ಅನ್ನಬಹುದಾದ ಜಾಗ. ಎಲ್ಲರ ಕೈಯಲ್ಲೂ ಮಾಂಸದ ಪೈ, ನನ್ನ ಕೈಯಲ್ಲಿ ಬಿಸಿ ಚಿಪ್ಸ್.

ಕಾಲು ಭಾಗದ ಆಟ ಮುಗಿಯಿತು, ವಿರಾಮ ಆಯಿತು. ಬೇಲಿಯ ಗೇಟು ತೆಗೆದರು ನೋಡಿ, ಮಕ್ಕಳು ಮರಿ ಮುದುಕರು ಎಲ್ಲಾ ಸೀದಾ ಮೈದಾನದೊಳಗೆ! ಆಟಗಾರರು ವೃತ್ತವಾಗಿ ನಿಂತಿದ್ದರು, ಕೋಚ್ ಬೈಯುತ್ತಿದ್ದ, ನಾವು ಅವರ ಬೆನ್ನ ಹಿಂದೆ ನಿಂತು ಕೇಳಿಸಿಕೊಂಡೆವು. ಒಬ್ಬ ಆಟಗಾರನ ಬೆವರು ನನ್ನ ಜಾಕೆಟ್ಟಿಗೆ ತಾಗಿತು. ಚಿನ್ನಸ್ವಾಮಿಯಲ್ಲಿ ಸಾವಿರಗಟ್ಟಲೆ ಕೊಟ್ಟು ಕಂಬಿ ಹಿಂದೆ ಕೂತು ಬಂದವನು ನಾನು. ಈ ಊರಿನಲ್ಲಿ ನನ್ನನ್ನು ಯಾರೂ ಏನೂ ಕೇಳದೆ ಒಳಗೆ ಬಿಟ್ಟುಕೊಂಡ ಮೊದಲ ಜಾಗ ಅದು. ಅವತ್ತಿನಿಂದ ಅದು "ನಮ್ಮ" ತಂಡ.

ಇನ್ನು ಕುದಿಯೋಕೆ ಶುರುವಾಗಿದ್ದು 2024ರ ಒಂದು ಶನಿವಾರ. ಅವತ್ತು ಎದುರಾಳಿ ಒಂದು ದೊಡ್ಡ ಎಎಫ್‌ಎಲ್ ಕ್ಲಬ್ಬಿನ ಎರಡನೇ ತಂಡ. ಅವರಲ್ಲಿ ಒಬ್ಬ ಎತ್ತರದ ಹುಡುಗ ನಮ್ಮವರನ್ನು ಆಟದ ಸಾಮಾನು ಮಾಡಿಕೊಂಡಿದ್ದ. ಅಜ್ಜ ಹೇಳಿದರು, "ಮೂರು ಕ್ವಾರ್ಟರ್ ತಡ್ಕೊ. ಅವನಿಗೆ ಹ್ಯಾಮ್‌ಸ್ಟ್ರಿಂಗ್ ಆಗಿತ್ತು, ಈಗ ವಾಪಸ್ ಬರ್ತಿದ್ದಾನೆ. ಕೊನೇ ಕ್ವಾರ್ಟರ್ ಆಡಿಸಲ್ಲ." ಹಾಗೇ ಆಯಿತು. ಕೊನೆಯ ಕ್ವಾರ್ಟರ್, ಒಂದೆರಡು ಗೋಲಿನ ಅಂತರ, ಜನ ಕೂಗುತ್ತಿದ್ದಾರೆ. ಆ ಹುಡುಗ ಟ್ರ್ಯಾಕ್‌ಸೂಟ್ ಹಾಕಿಕೊಂಡು ಬೆಂಚಿನಲ್ಲಿ ಕೂತು ನೀರು ಕುಡಿಯುತ್ತಿದ್ದಾನೆ. ನಾವು ಗೆದ್ದೆವು. ಸೋತವರ ಮುಖದಲ್ಲಿ ಬೇಜಾರಿನ ಗೆರೆಯೂ ಇರಲಿಲ್ಲ. ಅವರ ಕೆಲಸ ಮುಗಿದಿತ್ತು, ಅವರು ಬಂದಿದ್ದೇ ಬೇರೆ ಕೆಲಸಕ್ಕೆ. ಗೇಟಿನ ಹತ್ತಿರ ಅಜ್ಜ ಗೊಣಗಿದರು: "ಗೆದ್ದಿದ್ದು ನಾವೋ, ಅವರು ಬಿಟ್ಟುಕೊಟ್ಟಿದ್ದೋ?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋಗಿದ್ದೇ ಈ ಬರಹ.

ಗೊತ್ತಿಲ್ಲದವರಿಗೆ ಬೇಗ ಬೇಗ ಹೇಳಿಬಿಡ್ತೀನಿ. ಆಸ್ಟ್ರೇಲಿಯನ್ ಫುಟ್‌ಬಾಲ್ ಅಂದರೆ ಮೊಟ್ಟೆಯಾಕಾರದ ಚೆಂಡು, ಕ್ರಿಕೆಟ್ ಆಡುವಂಥ ದುಂಡು ಮೈದಾನ, ಒಂದೊಂದು ಕಡೆ 18 ಜನ, ನಾಲ್ಕು ಕ್ವಾರ್ಟರ್. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಗೋಲು, 6 ಪಾಯಿಂಟ್. ಪಕ್ಕದ ಸಣ್ಣ ಕಂಬಗಳ ಕಡೆ ಹೋದರೆ 1 ಪಾಯಿಂಟ್. ದೇಶದ ದೊಡ್ಡ ಲೀಗ್ ಎಎಫ್‌ಎಲ್, ಅದರಲ್ಲಿ 18 ಕ್ಲಬ್ಬುಗಳು. ಅದರ ಕೆಳಗೆ ರಾಜ್ಯ ಲೀಗ್‌ಗಳು. ದಕ್ಷಿಣ ಆಸ್ಟ್ರೇಲಿಯಾದ್ದು ಎಸ್‌ಎಎನ್‌ಎಫ್‌ಎಲ್, ಜನ ಬಾಯ್ತುಂಬ "ಸ್ಯಾನ್‌ಫಲ್" ಅಂತಾರೆ, ನಾನೂ ಹಾಗೇ ಬರೀತೀನಿ. ಪಶ್ಚಿಮದ ಪರ್ತ್ ಕಡೆಯದು "ವಾಫಲ್" (ತಿನ್ನೋ ವಾಫಲ್ ಅಲ್ಲ!). ಮೆಲ್ಬರ್ನ್ ಕಡೆಯದು ವಿಎಫ್‌ಎಲ್.

ಕೆಳಗೆ ಅಂತ ಬರೆದೆ, ಬರೆದ ಮೇಲೆ ನನಗೇ ಕಸಿವಿಸಿ. ಸ್ಯಾನ್‌ಫಲ್ ಹುಟ್ಟಿದ್ದು 1877ರಲ್ಲಿ. ವಾಫಲ್ 1885ರಲ್ಲಿ. ಈಗಿನ ಎಎಫ್‌ಎಲ್‌ನ ಮೂಲವಾದ ಮೆಲ್ಬರ್ನ್ ಲೀಗ್ ಮೊದಲ ಸೀಸನ್ ಆಡಿದ್ದು 1897ರಲ್ಲಿ, ಎಎಫ್‌ಎಲ್ ಅಂತ ಹೆಸರಿಟ್ಟುಕೊಂಡಿದ್ದು 1990ರಲ್ಲಿ. ಅಂದರೆ ಈ "ಕೆಳಗಿನ" ಲೀಗ್ "ಮೇಲಿನ" ಲೀಗಿಗಿಂತ ವಯಸ್ಸಿನಲ್ಲಿ ದೊಡ್ಡದು. 1976ರ ಸ್ಯಾನ್‌ಫಲ್ ಫೈನಲ್‌ಗೆ, ಸ್ಟರ್ಟ್ ಮತ್ತು ಪೋರ್ಟ್ ಅಡಿಲೇಡ್ ನಡುವಿನದ್ದಕ್ಕೆ, 66,897 ಜನ ಬಂದಿದ್ದರು. ಟಿವಿಯಲ್ಲಿ ರಾಷ್ಟ್ರೀಯ ಲೀಗ್ ಬಂದ ಮೇಲೆ ದೊಡ್ಡ ಆಟಗಾರರೆಲ್ಲ ಆ ಕಡೆ ಹೋದರು, ಜನವೂ ಹೋದರು. ಸರಿ, ಅದು ಕಾಲಧರ್ಮ, ಅದಕ್ಕೆ ನನ್ನ ತಕರಾರಿಲ್ಲ. ಇಲ್ಲಿ ಈಗ ಆಡುವವರು ವಾರವಿಡೀ ಎಲೆಕ್ಟ್ರಿಷಿಯನ್ ಕೆಲಸ, ಮೇಷ್ಟ್ರ ಕೆಲಸ ಮಾಡಿ ಸಂಜೆ ಪ್ರಾಕ್ಟೀಸಿಗೆ ಬರುವವರು. ಅವರಿಗೆ, ಅವರನ್ನು ನೋಡುವ ಅಜ್ಜನಂಥವರಿಗೆ, ಆ ಶನಿವಾರವೇ ಸರ್ವಸ್ವ. ಅದರಾಚೆ ಇನ್ನೊಂದು "ನಿಜವಾದ" ಪಂದ್ಯ ಇಲ್ಲ.

2013ರವರೆಗೆ ಒಂದು ಏರ್ಪಾಡಿತ್ತು. ಅಡಿಲೇಡ್ ಕ್ರೋಸ್ ಮತ್ತು ಪೋರ್ಟ್ ಅಡಿಲೇಡ್ ಅನ್ನೋ ಇಲ್ಲಿನ ಎರಡು ಎಎಫ್‌ಎಲ್ ಕ್ಲಬ್ಬುಗಳಲ್ಲಿ ಆ ವಾರ ಆಯ್ಕೆಯಾಗದ ಆಟಗಾರರು ಬೇರೆ ಬೇರೆ ಸ್ಯಾನ್‌ಫಲ್ ಕ್ಲಬ್ಬುಗಳಿಗೆ ಹಂಚಿಹೋಗುತ್ತಿದ್ದರು. ಒಬ್ಬ ಗ್ಲೆನೆಲ್ಗ್‌ಗೆ, ಇನ್ನೊಬ್ಬ ಸ್ಟರ್ಟ್‌ಗೆ, ಮತ್ತೊಬ್ಬ ನಾರ್‌ವುಡ್‌ಗೆ. ಬಂದವನು ಆ ಕ್ಲಬ್ಬಿನ ಬನಿಯನ್ ಹಾಕಿಕೊಂಡು, ಆ ಕೋಚ್ ಹೇಳಿದ ಜಾಗದಲ್ಲಿ, ಆ ಊರಿಗಾಗಿ ಆಡುತ್ತಿದ್ದ. 2014ರಲ್ಲಿ ಇದನ್ನು ಮುರಿದರು. ಕ್ರೋಸ್ ತನ್ನದೇ ಎರಡನೇ ತಂಡವನ್ನು ಲೀಗಿಗೆ ಇಳಿಸಿತು. ಪೋರ್ಟ್‌ನವರು, ಲೀಗಿನಲ್ಲಿ ಮೊದಲಿಂದ ಇದ್ದ ತಮ್ಮ ಹಳೇ ತಂಡ "ಮ್ಯಾಗ್‌ಪೈಸ್" ಅನ್ನೇ ಎರಡನೇ ತಂಡವಾಗಿ ಬದಲಾಯಿಸಿದರು. ಒಂಬತ್ತು ಕ್ಲಬ್ಬಿನ ಲೀಗ್ ಹತ್ತಾಯಿತು. ಪರ್ತ್‌ನಲ್ಲೂ ಅದೇ ವರ್ಷ ಫ್ರೀಮ್ಯಾಂಟಲ್ ತನ್ನವರನ್ನೆಲ್ಲ ಪೀಲ್ ಥಂಡರ್ ಅನ್ನೋ ಒಂದೇ ಕ್ಲಬ್ಬಿಗೆ, ವೆಸ್ಟ್ ಕೋಸ್ಟ್ ಈಗಲ್ಸ್ ತನ್ನವರನ್ನು ಈಸ್ಟ್ ಪರ್ತ್‌ಗೆ ಕೊಟ್ಟಿತು. 2019ರಿಂದ ಈಗಲ್ಸ್ ಕೂಡ ಸ್ವಂತ ತಂಡವನ್ನೇ ಇಳಿಸಿತು.

ಈ ಕ್ರೋಸ್ ಹುಟ್ಟಿದ್ದು ಹೇಗೆ ಗೊತ್ತಾ? 1990ರಲ್ಲಿ ಪೋರ್ಟ್ ಅಡಿಲೇಡ್ ಗುಟ್ಟಾಗಿ ಎಎಫ್‌ಎಲ್ ಜೊತೆ ಮಾತಾಡಿ ಹೊರಟಿತು. ಸಿಟ್ಟಿಗೆದ್ದ ಸ್ಯಾನ್‌ಫಲ್ ತಾನೇ ಇಡೀ ರಾಜ್ಯದ ಪರವಾಗಿ ಒಂದು ಹೊಸ ತಂಡ ಕಟ್ಟಿ 1991ರಲ್ಲಿ ಕಳಿಸಿತು. ಅದೇ ಕ್ರೋಸ್. ಎರಡೂ ಕ್ಲಬ್ಬುಗಳ ಲೈಸೆನ್ಸ್ 2014ರವರೆಗೆ ಸ್ಯಾನ್‌ಫಲ್ ಕೈಯಲ್ಲೇ ಇತ್ತು. ಲೈಸೆನ್ಸ್ ಎಎಫ್‌ಎಲ್‌ಗೆ ಹೋದ ವರ್ಷವೇ ಎರಡನೇ ತಂಡ ಲೀಗಿನೊಳಗೆ ಬಂತು. ಉಂಡೂ ಹೋದ ಕೊಂಡೂ ಹೋದ ಅಂತಾರಲ್ಲ, ಹಾಗೆ. ಉಳಿದ ಕ್ಲಬ್ಬುಗಳ ಒಪ್ಪಿಗೆಯಿಂದಲೇ ಆಗಿದ್ದು ಅನ್ನೋದನ್ನೂ ಹೇಳಬೇಕು. ಆದರೆ ಎಲ್ಲರೂ ಖುಷಿಯಿಂದ ಒಪ್ಪಿದ್ದಲ್ಲ.

ಈಗ ನನ್ನ ಕಥೆ. ಕಾಲೇಜು ಮುಗಿಸಿ ಬೆಂಗಳೂರಿನಲ್ಲಿ ಒಂದು ಕಂಪನಿ ಸೇರಿದ್ದೆ (ಹೆಸರು ಬೇಡ). ನಮ್ಮದು ಎಂಟು ಜನರ ಸಣ್ಣ ಪ್ರಾಜೆಕ್ಟ್, ಸಣ್ಣ ಕ್ಲೈಂಟ್, ಸಣ್ಣ ಬಿಲ್ಲಿಂಗ್. ಬೆಂಚಿನಲ್ಲಿ ಕೂತಿದ್ದವರನ್ನೆಲ್ಲ ತಂದು ನಮ್ಮ ಹತ್ತಿರ ಬಿಡುತ್ತಿದ್ದರು. ಬಂದವರು ನಮ್ಮ ಕೋಡ್ ಮೇಲೆ ಕೈ ಪಳಗಿಸಿಕೊಳ್ಳುತ್ತಿದ್ದರು, ಒಂದಿಷ್ಟು ಮುರಿಯುತ್ತಿದ್ದರು. ಇನ್ನೇನು ಕಲಿತರು ಅನ್ನುವಷ್ಟರಲ್ಲಿ ಅಮೆರಿಕದ ದೊಡ್ಡ ಕ್ಲೈಂಟಿಗೆ ಎತ್ತಿಕೊಂಡು ಹೋಗುತ್ತಿದ್ದರು. ಒಂದು ವಾರ ತಂಡದಲ್ಲಿ ಹದಿನಾಲ್ಕು ಜನ, ಮುಂದಿನ ವಾರ ಆರು. ಕ್ಲೈಂಟಿನ ಕಡೆಯ ಆ ಪಾಪದ ಮನುಷ್ಯ ಪ್ರತೀ ಕಾಲ್‌ನಲ್ಲೂ ಹೊಸಬರಿಗೆ ಮೊದಲಿಂದ ಎಲ್ಲಾ ವಿವರಿಸುತ್ತಿದ್ದ. ನಾನು ಒಂದು ದಿನ ತಡೆಯಲಾರದೆ ಮ್ಯಾನೇಜರ್ ಹತ್ತಿರ ಹೋದರೆ, "ನಿಮ್ ಪ್ರಾಜೆಕ್ಟ್ ತುಂಬಾ ಇಂಪಾರ್ಟೆಂಟ್ ಕಣಪ್ಪಾ, ಎಲ್ರೂ ಬೆಳೆಯೋದೇ ಇಲ್ಲಿಂದ" ಅಂದರು. ಅವತ್ತು ರಾತ್ರಿ ಕ್ಯಾಬಿನಲ್ಲಿ ಬರುವಾಗ ತಲೆಗೆ ಹೊಳೆಯಿತು. ನಮ್ಮ ಪ್ರೊಡಕ್ಷನ್ ಅವರ ಟೆಸ್ಟ್ ಸರ್ವರ್!

ಎರಡನೇ ತಂಡ ಅಂದರೆ ಇದೇ ಸ್ವಾಮಿ. ಟೆಸ್ಟ್ ಸರ್ವರ್ ಬೇಕು, ಅದಿಲ್ಲದೆ ಯಾರೂ ಏನೂ ಕಟ್ಟೋಕಾಗಲ್ಲ. ಗಾಯ ವಾಸಿಯಾದವನನ್ನು ಓಡಿಸಿ ನೋಡಬೇಕು, ಫಾರ್ವರ್ಡನ್ನು ಡಿಫೆನ್ಸ್‌ನಲ್ಲಿ ಹಾಕಿ ನೋಡಬೇಕು, ಹದಿನೆಂಟರ ಹುಡುಗನಿಗೆ ಏಟು ತಿನ್ನಿಸಬೇಕು. ಆದರೆ ಟೆಸ್ಟ್ ಸರ್ವರನ್ನು ನಿಮ್ಮ ಖರ್ಚಿನಲ್ಲಿ, ನಿಮ್ಮ ಜಾಗದಲ್ಲಿ ಇಟ್ಟುಕೊಳ್ಳಿ. ಇನ್ನೊಬ್ಬರ ಲೈವ್ ಸಿಸ್ಟಮ್ಮಿನ ಮೇಲೆ ಯಾಕೆ ಓಡಿಸ್ತೀರಿ? ಅಲ್ಲಿ ನಿಜವಾದ ಬಳಕೆದಾರರಿದ್ದಾರೆ, ಪಾಯಿಂಟ್ಸ್ ಟೇಬಲ್ ಇದೆ, ಕಪ್ ಇದೆ.

ಲೆಕ್ಕ ನೋಡಿ. ಒಂದು ಎಎಫ್‌ಎಲ್ ಕ್ಲಬ್ಬಿನ ಪಟ್ಟಿಯಲ್ಲಿ ಹೆಚ್ಚೂಕಮ್ಮಿ 44 ಜನ. ಮೇಲಿನ ಪಂದ್ಯಕ್ಕೆ 22-23 ಜನ ಹೋದರೆ ಉಳಿದವರು ಇಪ್ಪತ್ತೊಂದು. ಯಾರಿಗೂ ಗಾಯವಾಗದಿದ್ದರೆ ಅಷ್ಟೂ ಜನ ಪೂರ್ಣಾವಧಿ ವೃತ್ತಿಪರರು ಎಲೆಕ್ಟ್ರಿಷಿಯನ್ನರ ಮೇಲೆ ಬೀಳುತ್ತಾರೆ. ಹತ್ತು ಜನಕ್ಕೆ ಗಾಯವಾದರೆ ಅರ್ಧ ತಂಡ ಅಲ್ಲಿ ಇಲ್ಲಿ ಹುಡುಕಿ ತಂದ ಭರ್ತಿ ಆಟಗಾರರು. ಹಾಗಾಗಿ ನೀವು ಅವರ ಮೇಲೆ ಮೇ ತಿಂಗಳಲ್ಲಿ ಆಡುತ್ತೀರೋ ಆಗಸ್ಟಿನಲ್ಲಿ ಆಡುತ್ತೀರೋ ಅನ್ನೋದರ ಮೇಲೆ ನಿಮ್ಮ ಹಣೆಬರಹ. ಇನ್ನೊಂದು ಕ್ಲಬ್ಬಿನ ಫಿಸಿಯೋ ಕೋಣೆಯಲ್ಲಿ ಎಷ್ಟು ಜನ ಮಲಗಿದ್ದಾರೆ ಅನ್ನೋದರಿಂದ ನಿಮ್ಮ ಲೀಗಿನ ಟೇಬಲ್ ತೀರ್ಮಾನ ಆಗುತ್ತೆ ಅಂದರೆ ಅದನ್ನು ಲೀಗ್ ಅಂತ ಯಾಕೆ ಕರೀಬೇಕು, ಲಾಟರಿ ಅನ್ನಿ.

ಉದಾಹರಣೆ ಬೇಕಾ? ಪೀಲ್ ಥಂಡರ್ 1997ರಲ್ಲಿ ವಾಫಲ್ ಸೇರಿದ ಕ್ಲಬ್ಬು, ಎಷ್ಟೋ ವರ್ಷ ತಳದಲ್ಲೇ ಇತ್ತು, ಒಂದು ಕಪ್ಪೂ ಕಂಡಿರಲಿಲ್ಲ. 2016ರಲ್ಲಿ ಫ್ರೀಮ್ಯಾಂಟಲ್ ಎಎಫ್‌ಎಲ್‌ನಲ್ಲಿ ಮುಗ್ಗರಿಸಿ 16ನೇ ಸ್ಥಾನಕ್ಕೆ ಬಿತ್ತು, ಅವರ ಸೀಸನ್ ಬೇಗ ಮುಗಿಯಿತು. ಅರ್ಹರಾಗಿದ್ದ ವೃತ್ತಿಪರರೆಲ್ಲ ಬಿಡುವಾಗಿ ಪೀಲ್‌ನ ಫೈನಲ್ಸ್‌ಗೆ ಬಂದರು. ಪೀಲ್ ಗೆದ್ದಿತು, ಸುಬಿಯಾಕೋವನ್ನು ಸೋಲಿಸಿ. 2017ರಲ್ಲಿ ಮತ್ತೆ ಅದೇ, ಮತ್ತೆ ಸುಬಿಯಾಕೋ ಮೇಲೇ. ಸುಬಿಯಾಕೋ ಆಗ ಸಣ್ಣಪುಟ್ಟ ತಂಡವಲ್ಲ, 2014, 2015ರ ಚಾಂಪಿಯನ್, 2018ರಲ್ಲಿ ಒಂದೂ ಪಂದ್ಯ ಸೋಲದೆ ಗೆದ್ದ ತಂಡ. ಮೇಲಿನ ಲೀಗಿನಲ್ಲಿ ಸೋತಿದ್ದಕ್ಕೆ ಕೆಳಗಿನ ಲೀಗಿನಲ್ಲಿ ಬಹುಮಾನ! ಇನ್ನೊಂದು ತುದಿ ಈಗಲ್ಸ್. ಗಾಯಗಳ ಮೇಲೆ ಗಾಯವಾಗಿ 2022, 2023 ಎರಡೂ ವರ್ಷ ಅವರ ಎರಡನೇ ತಂಡ ವಾಫಲ್‌ನ ತಳದಲ್ಲಿ ಬಿದ್ದಿತ್ತು. ಆ ವರ್ಷಗಳಲ್ಲಿ ಎಲ್ಲರಿಗೂ ಅವರ ಮೇಲೆ ಪುಕ್ಕಟೆ ಪಾಯಿಂಟ್. ಒಮ್ಮೆ ಸಿಂಹ, ಒಮ್ಮೆ ಕುರಿ, ಎರಡರ ಮೇಲೂ ಬನಿಯನ್ ಒಂದೇ.

ನನ್ನ ರೂಮ್‌ಮೇಟ್ ದಾವಣಗೆರೆಯವನು, ವಾದ ಅಂದರೆ ಊಟ ಬಿಟ್ಟು ಬರ್ತಾನೆ. ಇದನ್ನೆಲ್ಲ ಹೇಳಿದಾಗ ಅವನು ಫೋನಿನಲ್ಲಿ ಹುಡುಕಿ ಹೇಳಿದ, "ಅಲ್ಲಲೇ, ಸ್ಯಾನ್‌ಫಲ್ ಒಳಗ 2014ರಿಂದ 2024ರ ತನಕ ಈ ಎರಡನೇ ತಂಡಗಳು ಒಂದು ಕಪ್ಪೂ ಗೆದ್ದಿಲ್ಲ. ಮತ್ಯಾಕ ನಿನ್ನ ಗೋಳು?"

ನಿಜ, ಗೆದ್ದಿಲ್ಲ. ಆದರೆ ಹೇಗೆ ಗೆದ್ದಿಲ್ಲ ಅಂತ ನೋಡಬೇಕು. 2014ರಲ್ಲಿ ಪೋರ್ಟ್ ಫೈನಲ್‌ನಲ್ಲಿ ನಾರ್‌ವುಡ್‌ಗೆ ಸೋತಿದ್ದು 4 ಪಾಯಿಂಟ್‌ನಿಂದ, ಒಂದು ಗೋಲಿಗಿಂತ ಕಮ್ಮಿ. 2017ರಲ್ಲಿ ಸ್ಟರ್ಟ್‌ಗೆ ಸೋತಿದ್ದು 1 ಪಾಯಿಂಟ್‌ನಿಂದ. 2019ರಲ್ಲಿ ಗ್ಲೆನೆಲ್ಗ್‌ಗೆ 28ರಿಂದ. ಹತ್ತು ಸೀಸನ್‌ನಲ್ಲಿ ಮೂರು ಫೈನಲ್. ಮನೆಗೆ ನುಗ್ಗಿದವನಿಗೆ ಬೀರು ಒಡೆಯೋಕಾಗಲಿಲ್ಲ ಅಂತ ಬಾಗಿಲು ತೆಗೆದೇ ಇಡ್ತೀವಾ?

ಆ 2014ರ ಫೈನಲ್ ವಿಷಯ ಇನ್ನೂ ಸ್ವಲ್ಪ ಹೇಳಬೇಕು, ಯಾಕಂದರೆ ಇಡೀ ಕಥೆಯಲ್ಲಿ ನನಗೆ ಹೆಚ್ಚು ಹೊಟ್ಟೆ ಉರಿಸುವುದು ನಾರ್‌ವುಡ್ ಅಲ್ಲ, ಪೋರ್ಟೇ. (ಅಜ್ಜನಿಗೆ ಕನ್ನಡ ಓದೋಕೆ ಬರಲ್ಲ, ಬದುಕಿದೆ.) ಪೋರ್ಟ್ ಅಡಿಲೇಡ್ 1870ರ ಕ್ಲಬ್ಬು. ಬಂದರಿನ ಕಡೆಯ ದುಡಿಯುವ ಜನರದ್ದು. ಸ್ಯಾನ್‌ಫಲ್‌ನಲ್ಲಿ 36 ಚಾಂಪಿಯನ್‌ಶಿಪ್, ಕೊನೆಯದು 1999ರಲ್ಲಿ. ಜೈಲಿನ ಕಂಬಿಯಂಥ ಕಪ್ಪು-ಬಿಳಿ ಪಟ್ಟೆಯ ಬನಿಯನ್. ಇಡೀ ರಾಜ್ಯ ಇವರನ್ನು ದ್ವೇಷಿಸುತ್ತಿತ್ತು, ಎಂಥಾ ಚೆಂದದ ದ್ವೇಷ ಅದು! 1984ರ ಫೈನಲ್‌ನಲ್ಲಿ ಐದನೇ ಸ್ಥಾನದಿಂದ ಮೇಲೆದ್ದು ಬಂದು ಪೋರ್ಟನ್ನು 9 ಪಾಯಿಂಟ್‌ನಿಂದ ಸೋಲಿಸಿದ ಕಥೆಯನ್ನು ಅಜ್ಜ ನನಗೆ ಕನಿಷ್ಠ ಆರು ಸಲ ಹೇಳಿದ್ದಾರೆ.

ಇಂಥಾ ಕ್ಲಬ್ಬು 2014ರಲ್ಲಿ ಎಎಫ್‌ಎಲ್ ತಂಡದ ಬೆಂಚ್ ಆಯಿತು. ಮಕ್ಕಳನ್ನು ಹುಡುಕಿ ತರಲು ಅದಕ್ಕಿದ್ದ ಊರು-ಕೇರಿಗಳ ವಲಯ ಬೇರೆ ಕ್ಲಬ್ಬುಗಳಿಗೆ ಹಂಚಿಹೋಯಿತು. ಹುಡುಗರ ತಂಡ ಹೋಯಿತು. ಬಂದರಿನ ಗಲ್ಲಿಯಲ್ಲಿ ಹುಟ್ಟಿದ ಹುಡುಗ, ಅಪ್ಪ ಅಜ್ಜ ಆಡಿದ ಕ್ಲಬ್ಬಿಗೆ ಹತ್ತು ವರ್ಷದವನಿದ್ದಾಗಿನಿಂದ ಬೆಳೆದು ಬಂದು ಆಡುವ ದಾರಿ ಮುಚ್ಚಿತು. 2014ರ ಸೆಪ್ಟೆಂಬರ್ 20, ಶನಿವಾರ, ಪೋರ್ಟ್‌ನ ಎಎಫ್‌ಎಲ್ ತಂಡ ಮೆಲ್ಬರ್ನ್‌ನಲ್ಲಿ ಪ್ರಿಲಿಮಿನರಿ ಫೈನಲ್‌ನಲ್ಲಿ ಹಾಥಾರ್ನ್‌ಗೆ 3 ಪಾಯಿಂಟ್‌ನಿಂದ ಸೋತಿತು. ಮರುದಿನ ಭಾನುವಾರ ಅಡಿಲೇಡ್ ಓವಲ್‌ನಲ್ಲಿ ಮ್ಯಾಗ್‌ಪೈಸ್ 4 ಪಾಯಿಂಟ್‌ನಿಂದ ಸೋತಿತು. ಒಂದೇ ವಾರಾಂತ್ಯದಲ್ಲಿ ಎರಡು ಸೋಲು. ಹಳೇ ಕಾಲದಲ್ಲಿ ಆ ಭಾನುವಾರದ ಸೋಲಿಗೆ ಬಂದರಿನ ಕಡೆ ಅವತ್ತು ಒಲೆ ಹಚ್ಚುತ್ತಿರಲಿಲ್ಲ. 2014ರಲ್ಲಿ ಆ ಊರಿನ ದೊಡ್ಡ ದುಃಖ ಶನಿವಾರದ್ದೇ. 36 ಸಲ ಗೆದ್ದವರಿಗೆ ಅದೇ ಕಪ್ಪಿನ ಫೈನಲ್ ಎರಡನೇ ದುಃಖವಾಗಿಹೋಯಿತು ಅಂದರೆ ಇನ್ನೇನು ಉಳಿಯಿತು ಹೇಳಿ.

ವಿಎಫ್‌ಎಲ್ ಕಥೆ ಇದಕ್ಕಿಂತ ಮುಂದೆ ಹೋಗಿದೆ. ಎಎಫ್‌ಎಲ್ ಕ್ಲಬ್ಬುಗಳ ಎರಡನೇ ತಂಡಗಳಿಗೆ 1919ರಿಂದ 1999ರವರೆಗೆ ತಮ್ಮದೇ ಬೇರೆ ಟೂರ್ನಿ ಇತ್ತು. ಅದನ್ನು 2000ದಲ್ಲಿ ಮುಚ್ಚಿ ಈ ರಾಜ್ಯ ಲೀಗಿನೊಳಗೆ ಸುರಿದರು. ಫಲ ನೋಡಿ: 2023ರಲ್ಲಿ ವಿಕ್ಟೋರಿಯಾ ಹೆಸರಿನ ಆ ಲೀಗನ್ನು ಗೆದ್ದಿದ್ದು ಕ್ವೀನ್ಸ್‌ಲ್ಯಾಂಡಿನ ಗೋಲ್ಡ್ ಕೋಸ್ಟ್ ಸನ್ಸ್‌ನ ಎರಡನೇ ತಂಡ! ಇದಕ್ಕಿಂತ ಬೇಜಾರಿನ ಕಥೆ ಪ್ರೆಸ್ಟನ್‌ನದ್ದು. 1882ರ ಕ್ಲಬ್ಬು, ಕಾರ್ಲ್‌ಟನ್ ಜೊತೆ ನಂಟು ಬೆಳೆಸಿ, 2012ರಲ್ಲಿ ನಾರ್ದರ್ನ್ ಬ್ಲೂಸ್ ಅಂತ ಹೆಸರನ್ನೂ ಬದಲಾಯಿಸಿಕೊಂಡಿತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್ ಬಂತು, ಕಾರ್ಲ್‌ಟನ್ ನಂಟು ಕಡಿದುಕೊಂಡಿತು. ಮುಚ್ಚಿಹೋಗುವ ಹಂತಕ್ಕೆ ಬಂದ ಕ್ಲಬ್ಬನ್ನು ಅದರ ಜನರೇ ಎತ್ತಿ ನಿಲ್ಲಿಸಿ, 2021ರಲ್ಲಿ ನಾರ್ದರ್ನ್ ಬುಲಂಟ್ಸ್ ಅನ್ನೋ ಹಳೇ ಹೆಸರಿನಲ್ಲಿ ವಾಪಸ್ ತಂದರು. ಕಾರ್ಲ್‌ಟನ್ ಅದೇ ಲೀಗಿಗೆ ಸ್ವಂತ ಎರಡನೇ ತಂಡ ಕರೆದುಕೊಂಡು ಬಂತು.

ಎದುರು ಪಕ್ಷದ ಅತಿ ಚೆಂದದ ಕಥೆಯನ್ನೂ ನಾನೇ ಹೇಳಿಬಿಡ್ತೀನಿ. ಮಾರ್ಲಿಯನ್ ಪಿಕೆಟ್. ಪರ್ತ್‌ನ ಸೌತ್ ಫ್ರೀಮ್ಯಾಂಟಲ್ ಆಟಗಾರ. 2019ರಲ್ಲಿ ಸೀಸನ್ ಮಧ್ಯದಲ್ಲೇ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಮತ್ತೆ ಶುರುವಾಯಿತು, ರಿಚ್‌ಮಂಡ್ ಇವನನ್ನು ತೆಗೆದುಕೊಂಡಿತು. ಸೆಪ್ಟೆಂಬರ್‌ನಲ್ಲಿ ರಿಚ್‌ಮಂಡ್ ಎರಡನೇ ತಂಡ ವಿಎಫ್‌ಎಲ್ ಫೈನಲ್ ಗೆದ್ದಾಗ ಪಂದ್ಯದ ಶ್ರೇಷ್ಠ ಆಟಗಾರ ಇವನೇ. ಆರು ದಿನ ಬಿಟ್ಟು ಎಎಫ್‌ಎಲ್ ಗ್ರ್ಯಾಂಡ್ ಫೈನಲ್‌ನಲ್ಲೇ ಮೊದಲ ಎಎಫ್‌ಎಲ್ ಪಂದ್ಯ ಆಡಿ ಗೆದ್ದ. ಹಾಗೆ ಗ್ರ್ಯಾಂಡ್ ಫೈನಲ್‌ನಲ್ಲಿ ಪಾದಾರ್ಪಣೆ ಮಾಡಿದವರು 1952ರ ಆಮೇಲೆ ಯಾರೂ ಇರಲಿಲ್ಲ. 27ರ ವಯಸ್ಸಿನಲ್ಲಿ! (ನಾನು ಆ ವಯಸ್ಸಿನಲ್ಲಿ ಜಿರಾ ಟಿಕೆಟ್ ಮುಚ್ಚುತ್ತಿದ್ದೆ.) ಆ ವಿಡಿಯೋ ನೋಡಿ ನನ್ನ ಕಣ್ಣೂ ಒದ್ದೆಯಾಗಿದೆ, ಸುಳ್ಳು ಯಾಕೆ ಹೇಳಲಿ.

ಆದರೆ ಅದೇ ವಿಎಫ್‌ಎಲ್ ಫೈನಲ್‌ನಲ್ಲಿ ಸೋತ ಕಡೆ ನಿಂತು ನೋಡಿ. ವಿಲಿಯಮ್ಸ್‌ಟೌನ್ ಸೋತಿದ್ದು 3 ಪಾಯಿಂಟ್‌ನಿಂದ. ಮುಂದಿನ ವಾರ ದೇಶದ ಅತಿ ದೊಡ್ಡ ಪಂದ್ಯ ಗೆಲ್ಲಲಿರುವವನನ್ನು ತಡೆಯಬೇಕಿತ್ತು ಅವರು, ತಮ್ಮ ವರ್ಷದ ಅತಿ ದೊಡ್ಡ ಪಂದ್ಯದಲ್ಲಿ. ಇನ್ನು ಸೌತ್ ಫ್ರೀಮ್ಯಾಂಟಲ್ ಕಡೆ, ಸೀಸನ್ ಅರ್ಧದಲ್ಲಿ ಅತ್ಯುತ್ತಮ ಆಟಗಾರ ಮಾಯ. ಪಿಕೆಟ್‌ಗೆ ಅವಕಾಶ ಸಿಗಬಾರದಿತ್ತಾ? ಖಂಡಿತ ಸಿಗಬೇಕಿತ್ತು, ಅದು ಅವನ ದುಡಿಮೆ. ನಾನು ಕೇಳುತ್ತಿರುವುದು ಆ ಖರ್ಚನ್ನು ಯಾವಾಗಲೂ ಸಣ್ಣವರ ಜೇಬಿನಿಂದಲೇ ಯಾಕೆ ತೆಗೀತೀರಿ ಅಂತ.

ಅವರ ಮುಖ್ಯ ವಾದ ಇದು: ಹುಡುಗರು ನಮ್ಮದೇ ಕೋಚ್ ಕೈಕೆಳಗೆ, ನಮ್ಮದೇ ತಂತ್ರದಲ್ಲಿ, ಒಟ್ಟಿಗೆ ಆಡಿದರೆ ಬೇಗ ಬೆಳೀತಾರೆ. ಕೇಳೋಕೆ ಸರಿ ಅನ್ನಿಸುತ್ತೆ. ಹಾಗಿದ್ದರೆ ರಿಸಲ್ಟ್ ತೋರಿಸಿ. ಕ್ರೋಸ್ ಎಎಫ್‌ಎಲ್ ಗೆದ್ದಿದ್ದು 1997, 1998ರಲ್ಲಿ. ಪೋರ್ಟ್ ಗೆದ್ದಿದ್ದು 2004ರಲ್ಲಿ. ಎಲ್ಲಾ ಆಟಗಾರರು ಹಂಚಿಹೋಗುತ್ತಿದ್ದ ಕಾಲದಲ್ಲೇ. ಸ್ವಂತ ಎರಡನೇ ತಂಡ ಬಂದ 2014ರಿಂದ 2025ರವರೆಗೆ ಎರಡೂ ಕ್ಲಬ್ಬು ಸೇರಿ ಎಷ್ಟು ಗೆದ್ದವು? ಸೊನ್ನೆ. ಈಗಲ್ಸ್ 2018ರಲ್ಲಿ ಗೆದ್ದರು, ಆಗ ಅವರ ಹುಡುಗರು ಈಸ್ಟ್ ಪರ್ತ್‌ನಲ್ಲಿ ಆಡುತ್ತಿದ್ದರು. ಸ್ವಂತ ತಂಡ ಇಳಿಸಿದ ಮೇಲೆ ಅವರ ಪಾಡು ಮೇಲೆ ಬರೆದಿದ್ದೇನೆ. ಇದರಿಂದಲೇ ಸೋತರು ಅಂತ ನಾನು ಹೇಳೋದಿಲ್ಲ, ಸೋಲಿಗೆ ನೂರು ಕಾರಣ. ಆದರೆ ಇಷ್ಟೆಲ್ಲ ಮುರಿದು ಹಾಕಿದ ಫೀಚರ್‌ನಿಂದ ಲಾಭ ಏನಾಯ್ತು ಅಂತ ಕೇಳುವ ಹಕ್ಕು ಟೆಸ್ಟರ್‌ಗೂ ಇದೆಯಲ್ವಾ.

ಇನ್ನೊಂದು ವಾದ, ಇವರಿಲ್ಲದೆ ಲೀಗ್ ನಡೆಯಲ್ಲ, ಪೋರ್ಟ್ ಫೈನಲ್‌ಗೆ ಬಂದರೆ ಎಷ್ಟು ಜನ ಬರ್ತಾರೆ ನೋಡಿ ಅನ್ನೋದು. ಜನ ಬರ್ತಾರೆ, ಒಪ್ಪಿದೆ. ಆದರೆ 2020ರಲ್ಲಿ ಕೋವಿಡ್ ನಿಯಮದಿಂದ ಎಎಫ್‌ಎಲ್ ಆಟಗಾರರು ರಾಜ್ಯ ಲೀಗಿನಲ್ಲಿ ಆಡುವಂತಿರಲಿಲ್ಲ. ಕ್ರೋಸ್, ಪೋರ್ಟ್ ಎರಡೂ ತಂಡ ಇಳಿಸಲಿಲ್ಲ. ಎಂಟು ಕ್ಲಬ್ಬು ಆಡಿದವು, ವುಡ್‌ವಿಲ್-ವೆಸ್ಟ್ ಟೊರೆನ್ಸ್ ಗೆದ್ದಿತು, ಆಕಾಶ ಕಳಚಿ ಬೀಳಲಿಲ್ಲ. ಆಯ್ಕೆಯಾಗದ ಎಎಫ್‌ಎಲ್ ಆಟಗಾರರು ತಮ್ಮತಮ್ಮಲ್ಲೇ ಅಭ್ಯಾಸ ಪಂದ್ಯ ಆಡಿಕೊಂಡರು. ಅಂದರೆ ಟೆಸ್ಟ್ ಸರ್ವರ್ ಬೇರೆ ಇಟ್ಟುಕೊಳ್ಳೋಕೆ ಆಗುತ್ತೆ ಅಂತ ಅವರೇ ತೋರಿಸಿಕೊಟ್ಟಿದ್ದಾರೆ.

ಇಂಗ್ಲೆಂಡಿನಲ್ಲಿ 2016ರಲ್ಲಿ ಕೆಳ ಡಿವಿಷನ್‌ಗಳ ಇಎಫ್‌ಎಲ್ ಟ್ರೋಫಿಗೆ ದೊಡ್ಡ ಕ್ಲಬ್ಬುಗಳ ಯುವ ತಂಡಗಳನ್ನು ತಂದಾಗ ಸಣ್ಣ ಕ್ಲಬ್ಬುಗಳ ಅಭಿಮಾನಿಗಳು ಪಂದ್ಯಗಳನ್ನೇ ಬಹಿಷ್ಕರಿಸಿದರು. ನಮ್ಮ ಬೆಂಗಳೂರಿನ ಸೂಪರ್ ಡಿವಿಷನ್ ಫುಟ್‌ಬಾಲಿನಲ್ಲೂ ಬೆಂಗಳೂರು ಎಫ್‌ಸಿಯ ಎರಡನೇ ತಂಡ ಆಡಿದೆ. ಅದನ್ನು ನಾವು ಯಾರೂ ಪ್ರಶ್ನೆ ಮಾಡಲಿಲ್ಲ, ಯಾಕಂದರೆ ಆ ಲೀಗ್ ನೋಡೋಕೆ ನಾವು ಯಾರೂ ಹೋಗಲೇ ಇಲ್ಲ. ನಾನೂ ಸೇರಿ. ಅದನ್ನು ಇನ್ನೊಂದು ದಿನ ಬರೀತೀನಿ.

ನಾನು ಕೇಳೋದು ದೊಡ್ಡದೇನಲ್ಲ. ಒಂದೋ, 2013ರ ಏರ್ಪಾಡಿಗೆ ವಾಪಸ್ ಹೋಗಿ, ಹುಡುಗರನ್ನು ಎಂಟು ಕ್ಲಬ್ಬಿಗೂ ಹಂಚಿ. ಎದುರಿಗೆ ಎಲೆಕ್ಟ್ರಿಷಿಯನ್ ಇರ್ತಾನೆ, ಪಕ್ಕದಲ್ಲೂ ಎಲೆಕ್ಟ್ರಿಷಿಯನ್ ಇರ್ತಾನೆ, ಹುಡುಗನೂ ಆ ಊರಿಗಾಗಿ ಗೆಲ್ಲೋದು ಹೇಗೆ ಅಂತ ಕಲೀತಾನೆ. ಇಲ್ಲವೋ, 18 ಕ್ಲಬ್ಬು ಸೇರಿ ನಿಮ್ಮದೇ ಎರಡನೇ ಲೀಗ್ ಕಟ್ಟಿಕೊಳ್ಳಿ, ವಿಮಾನದ ಖರ್ಚು ನೀವೇ ಕೊಡಿ, ಎಂಬತ್ತು ವರ್ಷ ಮೆಲ್ಬರ್ನ್‌ನಲ್ಲಿ ಅದು ನಡೆದಿತ್ತಲ್ಲ. ಎರಡರಲ್ಲಿ ಯಾವುದಾದರೂ ಸರಿ. ಬೈಯುವವರು ಕೆಳಗೆ ಬೈಯಬಹುದು, ದಾವಣಗೆರೆಯವನು ಆಗಲೇ ಟೈಪ್ ಮಾಡ್ತಿದ್ದಾನೆ.

2025ರ ಸೀಸನ್‌ಗೆ ಮುಂಚೆ ಅಜ್ಜನ ಮನೆಗೆ ಹೋದಾಗ ಪಂದ್ಯಗಳ ಪಟ್ಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿತ್ತು. ಗ್ಲೆನೆಲ್ಗ್, ಸ್ಟರ್ಟ್, ಸೆಂಟ್ರಲ್ಸ್ ಮುಂದೆ ಎಲ್ಲಾ ಕೆಂಪು ಪೆನ್ನಿನ ಗುರುತು. ಎರಡನೇ ತಂಡಗಳ ಪಂದ್ಯಗಳ ಮುಂದೆ ಮಾತ್ರ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ ಏನೋ ಬರೆದಿತ್ತು. ಏನದು ಅಂತ ಬಗ್ಗಿ ನೋಡಿದೆ: "ಸೂರಿನ ದೋಣಿ ಕ್ಲೀನ್ ಮಾಡೋದು." ಆಯ್ತು, ಆ ದಿನಗಳಲ್ಲಿ ನಾನು ಏಣಿ ಹಿಡಿದುಕೊಳ್ತೀನಿ ಅಂದೆ. ಮೊದಲನೇ ಅಂಥಾ ಶನಿವಾರ ಬಂದಾಗ ಮಧ್ಯಾಹ್ನ ಒಂದು ಗಂಟೆಗೆ ಬಾಗಿಲು ಬಡಿದ ಸದ್ದು. ಏಣಿ ಇರಲಿಲ್ಲ, ಕುತ್ತಿಗೆಯಲ್ಲಿ ಮಫ್ಲರ್ ಇತ್ತು.